ಏಳು ಹೆಸರಿನ ಒಂದು ಪ್ರತಿ

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು ಶ್ರೀವತ್ಸನಿಗೆ. ಯಾರೂ ನೋಡುತ್ತಿರಲಿಲ್ಲ. ರಾಮದಾಸಪೇಠದ ಆ ಕಣ್ಣಾಸ್ಪತ್ರೆಗೆ ಬಂದವರಲ್ಲಿ ಅರ್ಧ ಜನ ಕಣ್ಣಿಗೆ ಔಷಧಿ ಬಿಡಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದರು. ಉಳಿದರ್ಧ ಅವರನ್ನು ಕೈಹಿಡಿದು ಕರೆತಂದವರು, ಅವರ ಕಣ್ಣೆಲ್ಲ ಟೋಕನ್ ನಂಬರಿನ ಮೇಲೆ. "ನಮಸ್ಕಾರ್, ಸರ್ವರ್‌ವಾಲೇ ಭಾವು," ಅಂದ ವಾಚ್‌ಮನ್. ದಿನವೂ ಹಾಗೆಯೇ ಅನ್ನುತ್ತಿದ್ದ. ಇವತ್ತು ಅದರಲ್ಲೊಂದು ಕೊಂಕು ಕೇಳಿಸಿತು. ಕೊಂಕಿದ್ದದ್ದು ಇವನ ಕಿವಿಯಲ್ಲಿ, ಪಾಪ ಆ ವಾಚ್‌ಮನ್ನನಿಗೇನು ಗೊತ್ತು. ಶನಿವಾರದಿಂದ ಹೀಗೇ ಆಗಿದೆ. ನಿನ್ನೆ ಹೆಂಡತಿ ಗ್ರೀಷ್ಮಾ ಫ್ರಿಜ್ಜಿನ ಬಾಗಿಲು ತೆಗೆದು "ಅಯ್ಯೋ, ಎಲ್ಲಾ ಖಾಲಿ" ಅಂದದ್ದಕ್ಕೆ ಇವನ ಕೈಯಲ್ಲಿದ್ದ ಲೋಟ ಬಿತ್ತು. ಅವಳು ಹೇಳಿದ್ದು ಮೊಸರಿನ ವಿಷಯ. ಅವಳು ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅವಳಿಗೆ ನಾಗಪುರಕ್ಕೆ ವರ್ಗವಾದಾಗ ಇವನು ಹಳೆಯ ಕೆಲಸ ಬಿಟ್ಟು ಹಿಂದೆಯೇ ಬಂದಿದ್ದ. ಅವಳ ಸಹೋದ್ಯೋಗಿಗಳು ಊಟಕ್ಕೆ ಕರೆದಾಗ "ಮತ್ತೆ ತಾವು?" ಎಂದು ಕೇಳುತ್ತಿದ್ದರು, "ಒಂದು ಆಸ್ಪತ್ರೆಯಲ್ಲಿದ್ದೀನಿ" ಅನ್ನುತ್ತಿದ್ದ, ಅವರು ಡಾಕ್ಟರೆಂದು ತಿಳಿದು ಕಣ್ಣುರಿಯ ಬಗ್ಗೆ ಕೇಳುತ್ತಿದ್ದರು. ಆಮೇಲೆ ಇವನು ಕಂಪ್ಯೂಟರ್ ನೋಡಿಕೊಳ್ಳುವವನೆಂದು ಹೇಳಬೇಕಾಗುತ್ತಿತ್ತು. ಅವರು ಮರ್ಯಾದಸ್ಥರು, ತಕ್ಷಣ ಪಲ್ಯ ಬಡಿಸುತ್ತಿದ್ದರು.

ಮೇಲಿನ ಮಹಡಿಯ ಕಿರುಕೋಣೆಯಲ್ಲಿ ಡಿಸ್ಕುಗಳು ತಮ್ಮ ಪಾಡಿಗೆ ಗುಂಯ್ಗುಡುತ್ತಿದ್ದವು. ಇಡೀ ಆಸ್ಪತ್ರೆಯಲ್ಲಿ ಚೆನ್ನಾಗಿ ಎಸಿ ಇರುವ ಕೋಣೆ ಇದೊಂದೇ. ಏಪ್ರಿಲ್ ಬಂತೆಂದರೆ ನರ್ಸುಗಳು ಏನಾದರೊಂದು ನೆಪ ತೆಗೆದು ಇಲ್ಲಿಗೆ ಬರುತ್ತಿದ್ದರು. ಕಣ್ಣಿನ ಹಿಂಪರದೆಯ ಫೋಟೋ ತೆಗೆಯುವ ಕ್ಯಾಮೆರಾದ ಕಂಪ್ಯೂಟರಿನಲ್ಲಿ ಜಾಗ ಕಡಿಮೆ. ಹಳೆಯ ಫೋಟೋಗಳನ್ನೆಲ್ಲ ಇಲ್ಲಿಯ ದೊಡ್ಡ ಡಿಸ್ಕಿಗೆ ನಕಲು ಮಾಡಿ ಅಲ್ಲಿ ಅಳಿಸುವುದು ಶ್ರೀವತ್ಸ ತಂದ ಪದ್ಧತಿ. ವಾರದ ಒಂದೊಂದು ದಿನಕ್ಕೆ ಒಂದೊಂದು ಫೋಲ್ಡರು, ಯಾವುದನ್ನು ತೆರೆದರೂ ಎಲ್ಲಾ ಫೋಟೋಗಳೂ ಪೂರ್ತಿ ಕಾಣಿಸುತ್ತವೆ. ಆದರೆ ಏಳು ಪಟ್ಟು ಜಾಗ ತಿನ್ನುವುದಿಲ್ಲ! ಅದೇ ಅದರ ಚಂದ. ನಿನ್ನೆಗೂ ಇವತ್ತಿಗೂ ಬದಲಾಗದ ಫೋಟೋವನ್ನು ನಕಲಿನ ಸಾಧನ ಮತ್ತೆ ನಕಲು ಮಾಡುವುದೇ ಇಲ್ಲ, ಇರುವುದಕ್ಕೇ ಇನ್ನೊಂದು ಹೆಸರು ಕೊಟ್ಟು ಸುಮ್ಮನಾಗುತ್ತದೆ. ಒಬ್ಬನೇ ಮನುಷ್ಯನನ್ನು ಒಬ್ಬರು ಅಣ್ಣ, ಒಬ್ಬರು ಮಾವ, ಇನ್ನೊಬ್ಬರು ಕಾಕಾ ಅನ್ನುವುದಿಲ್ಲವೇ, ಹಾಗೆ. ಮೊದಲ ತಿಂಗಳು ಇದನ್ನು ಆಸ್ಪತ್ರೆಯ ಒಡತಿ ಡಾಕ್ಟರ್ ವೃಷಾಲಿ ಧೋಟೆಗೆ ತೋರಿಸಿ, ಹೊಸ ಡಿಸ್ಕು ಬೇಕಾಗಿಲ್ಲ ಮೇಡಂ, ಅಂದಾಗ ಅವರು ಇಡೀ ಸಿಬ್ಬಂದಿಯೆದುರು ಚಪ್ಪಾಳೆ ತಟ್ಟಿದ್ದರು. "ಸಾತ್ ಸಾತ್ ಕಾಪಿ ಹೈ ಅಪನೀ!" ಎಂದು ಅಂದಿನಿಂದ ಬಂದವರಿಗೆಲ್ಲ ಹೇಳುತ್ತಿದ್ದರು. ಏಳಲ್ಲ, ಏಳು ಹೆಸರಿರುವ ಒಂದು, ಎಂದು ತಿದ್ದಬೇಕೆಂದು ಇವನಿಗೆ ಪ್ರತಿಸಲ ಅನ್ನಿಸುತ್ತಿತ್ತು. ಹೊಗಳಿಕೆಯನ್ನು ತಿದ್ದುವುದು ಯಾರಿಂದ ಆಗುತ್ತೆ ಹೇಳಿ. ತುಮಕೂರಿನ ಮನೆಯಲ್ಲಿ ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಮೆತ್ತುತ್ತಿದ್ದ ತಾಯಿಯ ಮಗ ಇವನು. ಉಳಿಸುವುದೆಂದರೆ ಮೈಯೆಲ್ಲ ಹಿಗ್ಗು. "ಉಳಿಸಿ ಉಳಿಸಿ ಅದನ್ನೆಲ್ಲ ಎಲ್ಲಿಡ್ತೀಯೋ?" ಎಂದು ಗ್ರೀಷ್ಮಾ ರೇಗಿಸುತ್ತಿದ್ದಳು.

ಶುಕ್ರವಾರ ಕಿರಿಯ ಡಾಕ್ಟರ್ ಅಭಿನವ್ ಬಂದು, ತನ್ನ ಸಂಶೋಧನೆಗೆ ಹಳೆಯ ಫೋಟೋಗಳೆಲ್ಲ ಬೇಕು, ಆದರೆ ರೋಗಿಗಳ ಹೆಸರು, ನಂಬರು, ತಾರೀಖು ಏನೂ ಇರಕೂಡದು, ಅಂದ. ಅದು ನ್ಯಾಯವೇ. ಹೆಸರಿಗೆ ಬೇರೆ ಪಟ್ಟಿ ಇಲ್ಲ, ಪ್ರತಿ ಫೋಟೋದ ಒಡಲಲ್ಲೇ ಬರೆದಿರುತ್ತದೆ. ಅದನ್ನು ಅಳಿಸುವ ಪುಟ್ಟ ಸಾಧನವೂ ಸಿಗುತ್ತದೆ. ಅಳಿಸುವ ಮುಂಚೆ ಅಭಿನವ್‌ಗೆಂದು ಬೇರೆ ಪ್ರತಿ ಮಾಡಬೇಕು. ಡಿಸ್ಕಿನಲ್ಲಿ ಜಾಗವಿರಲಿಲ್ಲ. ಶ್ರೀವತ್ಸ ನಕಲಿನ ಆಜ್ಞೆಗೆ, ನಕಲು ಬೇಡ, ಇನ್ನೊಂದು ಹೆಸರು ಸಾಕು ಎನ್ನುವ ಒಂದಕ್ಷರ ಹೆಚ್ಚಿಗೆ ಸೇರಿಸಿದ. ಕ್ಷಣದಲ್ಲಿ ಪ್ರತಿಯೊಂದು ಫೋಟೋಗೂ ಎಂಟನೆಯ ಹೆಸರು ಬಂತು, ಡಿಸ್ಕು ಒಂದು ತುತ್ತೂ ಜಾಸ್ತಿ ತಿನ್ನಲಿಲ್ಲ. ಹಿಗ್ಗಿಹೋದ. ಆ ಎಂಟನೆಯ ಫೋಲ್ಡರಿನ ಮೇಲೆ ಅಳಿಸುವ ಸಾಧನ ಬಿಟ್ಟು ಊಟಕ್ಕೆ ಹೋದ. ತಿದ್ದುವ ಸಾಧನಗಳಲ್ಲಿ ಎರಡು ಜಾತಿ. ಕೆಲವು ಬೇರೆ ಹಾಳೆ ತೆಗೆದುಕೊಂಡು ತಿದ್ದಿ ಬರೆದು ಹಳೆಯದರ ಜಾಗದಲ್ಲಿಡುತ್ತವೆ. ಕೆಲವು ಹಳೆಯ ಹಾಳೆಯ ಮೇಲೆಯೇ ರಬ್ಬರ್ ಉಜ್ಜುತ್ತವೆ. ಇದು ಎರಡನೆಯ ಜಾತಿ. ಶ್ರೀವತ್ಸನಿಗೆ ಈ ಭೇದ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ. ಶನಿವಾರ ಯಾರದೋ ಹಳೆಯ ಫೋಟೋ ಹುಡುಕಲು ಹೋದಾಗ ಹೆಸರಿನ ಜಾಗ ಖಾಲಿ. ಭಾನುವಾರದ ಫೋಲ್ಡರು ತೆರೆದ, ಖಾಲಿ. ಮಂಗಳವಾರ, ಗುರುವಾರ, ಖಾಲಿ, ಖಾಲಿ. ಅಣ್ಣ ಸತ್ತರೆ ಮಾವನೂ ಕಾಕಾನೂ ಸತ್ತಂತೆಯೇ. ಸಾವಿರಾರು ಕಣ್ಣುಗಳು ಕಿತ್ತಳೆ ಬಣ್ಣದಲ್ಲಿ ದುಂಡಗೆ ಇದ್ದಲ್ಲೇ ಇದ್ದವು. ಯಾವುದು ಯಾರದೆಂದು ಹೇಳುವವರಿರಲಿಲ್ಲ.

ಹೇಳಿಬಿಡಬೇಕಿತ್ತು. ಅದಕ್ಕೆಂದೇ ಡಾಕ್ಟರ್ ಧೋಟೆಯ ಕೋಣೆಗೆ ಹೋಗಿಯೂ ಇದ್ದ. ಅಷ್ಟರಲ್ಲಿ ಅವರಿಗೂ ಹುಡುಕಿದ ಫೋಟೋ ಸಿಗದೆ, ಕ್ಯಾಮೆರಾ ಕಂಪನಿಯವನನ್ನು ಫೋನಿನಲ್ಲಿ ಹಿಡಿದು ಜಾಡಿಸುತ್ತಿದ್ದರು: ನಿಮ್ಮ ಅಪ್‌ಡೇಟು ಬಂದ ಮೇಲೇ ಇದೆಲ್ಲ, ನನ್ನ ರೋಗಿಗಳ ಫೋಟೋ ನುಂಗಿಹಾಕಿದ್ದೀರಿ, ನಮ್ಮ ಶ್ರೀವತ್ಸ್‌ಜೀ ಎಷ್ಟು ಜೋಪಾನವಾಗಿ ಇಟ್ಟಿದ್ದರು ಗೊತ್ತಾ. ಹಾಗನ್ನುತ್ತ ಇವನ ಕಡೆ ನೋಡಿ "ಹೈ ನಾ?" ಅಂದರು. ಇವನು ತಲೆಯಾಡಿಸಿದ. ಬಾಯಲ್ಲಿ ಒಂದು ಸುಳ್ಳೂ ಹೇಳಲಿಲ್ಲ, ಬರೀ ತಲೆ ಅಷ್ಟೆ. ಸಂಜೆ ಗ್ರೀಷ್ಮಾ ಪರದೆ ಬಟ್ಟೆ ಕೊಳ್ಳಲು ಸದರ್ ಬಜಾರಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಥಾನುಗಳನ್ನು ಬಿಡಿಸಿ ಬಿಡಿಸಿ ಹಾಸುತ್ತಿದ್ದ, ಎಲ್ಲಾ ಪರದೆಯ ಮೇಲೂ ಇವನಿಗೆ ಕೆಂಪು ನರಗಳೇ ಕವಲೊಡೆಯುತ್ತಿದ್ದವು. "ಇದು ಹೇಗಿದೆ?" ಅಂದಳು. ಚೆನ್ನಾಗಿದೆ ಅಂದ. "ಇದು?" ಅದೂ ಚೆನ್ನಾಗಿದೆ. "ನಿನ್ನನ್ನ ಕರ್ಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ," ಎಂದು ಅವಳು ತಾನೇ ಹಳದಿಯದನ್ನು ಆರಿಸಿದಳು. ಅವಳಿಗಾದರೂ ಹೇಳಬಹುದಿತ್ತು. ಅವಳು ಬೈಯುವುದಿಲ್ಲ, ಪರಿಹಾರ ಯೋಚಿಸುತ್ತಾಳೆ. ಅದೇ ಅವನಿಗೆ ಬೇಡವಾಗಿತ್ತು.

ಈ ಸೋಮವಾರ ಹನ್ನೊಂದರ ಸುಮಾರಿಗೆ ಕೆಳಗಿನಿಂದ ಫೋನು. "ಶ್ರೀವತ್ಸ್‌ಜೀ, ಜರಾ ನೀಚೇ ಆವ್. ಆಪ್‌ಕೀ ಭಾಷಾವಾಲೀ ಆಜಿ ಆಯೀ ಹೈ," ಅಂದರು ಧೋಟೆ. ಕನ್ನಡದ ರೋಗಿ ಬಂದರೆ ಇವನೇ ದುಭಾಷಿ, ಅದು ಸಂಬಳವಿಲ್ಲದ ಇನ್ನೊಂದು ಕೆಲಸ. ಕೋಣೆಯಲ್ಲಿ ಇಳಕಲ್ ಸೀರೆಯ ಗಟ್ಟಿಮುಟ್ಟಾದ ಮುದುಕಿಯೊಬ್ಬಳು ಗದ್ದ ಒರಗಿಸುವ ಯಂತ್ರದ ಮುಂದೆ ಕೂತಿದ್ದಳು. ಹೆಸರು ಬಸವಣ್ಣೆವ್ವ. ಅಳಿಯನಿಗೆ ಉಮರೇಡ್‌ನ ಕಲ್ಲಿದ್ದಲ ಗಣಿಯಲ್ಲಿ ಕೆಲಸ. ಅವನು ಇವಳನ್ನು ಇಲ್ಲಿ ಕೂರಿಸಿ ಸದರ್‌ನಲ್ಲಿ ಏನೋ ಬಿಡಿಭಾಗ ತರಲು ಹೋಗಿದ್ದ. ಬಜಾರಿನ ಹಿಂದಿ ಅವಳಿಗೆ ಬರುತ್ತಿತ್ತು, ಬದನೆಕಾಯಿಗೆ ಸಾಕಾಗುವಷ್ಟು. ಇವನು ನಮಸ್ಕಾರ ಅಂದದ್ದೇ ತಡ, ಅವಳು ಇವನ ಮಣಿಕಟ್ಟು ಹಿಡಿದುಕೊಂಡಳು. "ಬಾ ತಮ್ಮಾ. ಹ್ವಾದ ವರ್ಸ ನೀ ಇರಲಿಲ್ಲಲಾ? ಆಗ ಬರೇ ಕೈಸನ್ನೀಲೇ ಮುಗಿಸಿದ್ರು."

ಡಾಕ್ಟರ್ ಧೋಟೆ ಹಿಂದಿಯಲ್ಲಿ ವಿವರಿಸಿದರು. ಅಜ್ಜಿಯ ಬಲಗಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಇದೆ. ಎಡಗಣ್ಣು ಮೊದಲಿನಿಂದಲೂ ಮಬ್ಬು, ಬಲಗಣ್ಣೇ ಆಧಾರ. ಮಚ್ಚೆ ಬೆಳೆಯದೆ ಇದ್ದಷ್ಟೇ ಇದ್ದರೆ ಮೈಮೇಲಿನ ಮಚ್ಚೆಯ ಹಾಗೆ, ಚಿಂತೆಯಿಲ್ಲ. ಬೆಳೆಯುತ್ತಿದ್ದರೆ ಅದು ಕೆಟ್ಟ ಗಡ್ಡೆ, ಕೂಡಲೇ ಹೈದರಾಬಾದಿನ ದೊಡ್ಡ ಕಣ್ಣಾಸ್ಪತ್ರೆಗೆ ಕಳಿಸಬೇಕು, ತಡಮಾಡಿದರೆ ಜೀವಕ್ಕೇ ಕುತ್ತು ಬರುತ್ತದೆ. ಉಳಿದ ಪರೀಕ್ಷೆಗಳಲ್ಲಿ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಕಳೆದ ವರ್ಷದ ಫೋಟೋ ಪಕ್ಕಕ್ಕಿಟ್ಟು ನೋಡಿದ್ದರೆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. "ಆ ಕಂಪನಿಯವರು ಅದನ್ನ ನುಂಗಿಬಿಟ್ಟರಲ್ಲ! ಇವರಿಗೆ ಹೇಳಿ, ಹಳೇ ಫೋಟೋ ಮಷಿನ್ ತಿಂದುಹಾಕಿದೆ, ಇವತ್ತು ಹೊಸದು ತೆಗೆದಿದ್ದೀವಿ. ನಾಲ್ಕು ತಿಂಗಳು ಬಿಟ್ಟು ಬರಲಿ, ಆಗ ಇದರ ಜೊತೆ ಹೋಲಿಸಿ ನೋಡ್ತೀನಿ. ಬೇರೆ ದಾರಿ ಇಲ್ಲ."

ಶ್ರೀವತ್ಸ ಹೇಳತೊಡಗಿದ. ಮಚ್ಚೆ ಇದೆ ಅಂದ. ಬೆಳೆದಿದ್ದರೆ ಅಪಾಯ ಅಂದ. ಅವಳು ಒಂದೊಂದಕ್ಕೂ "ಹೂಂ" ಅನ್ನುತ್ತಿದ್ದಳು, ಮಣಿಕಟ್ಟು ಬಿಟ್ಟಿರಲಿಲ್ಲ. "ನೀ ಮಾತಾಡೂದು ರೇಡಿಯೋದಾಗ ವಾರ್ತಾ ಓದಿಧಂಗ ಐತಿ ನೋಡು. ಆದರೂ ತಿಳೀತೈತಿ. ಹೇಳು, ಬೆಳದೈತೇನು?" ಹಳೆಯ ಫೋಟೋ ಮಷಿನ್ ತಿಂದುಹಾಕಿದೆ ಎಂಬ ವಾಕ್ಯ ಅವನ ನಾಲಗೆಯ ಮೇಲೆ ಸಿದ್ಧವಾಗಿತ್ತು. ಹಿಂದಿಯಲ್ಲಿ ಕೇಳಿದಾಗ ಅದು ಡಾಕ್ಟರರ ಮಾತಾಗಿತ್ತು. ಕನ್ನಡಕ್ಕೆ ಬಂದರೆ ತನ್ನದಾಗಿಬಿಡುತ್ತದೆ. ಶನಿವಾರದಂತೆ ತಲೆಯಾಡಿಸಿ ದಾಟುವಂತಿಲ್ಲ, ಬಾಯಿ ತೆರೆದು ಅನ್ನಬೇಕು, ಅದೂ ಈ ಮುದುಕಿಗೆ, ಕೈ ಹಿಡಿದುಕೊಂಡವಳಿಗೆ. ನಾಲ್ಕು ತಿಂಗಳು. ಅಷ್ಟರಲ್ಲಿ ಅದು ಬೆಳೆದುಬಿಟ್ಟರೆ? "ಅಜ್ಜಿ," ಅಂದ, "ನಿಮ್ಮ ಹಳೇ ಫೋಟೋ ಎಲ್ಲೂ ಹೋಗಿಲ್ಲ. ಮೇಲೆ ಇದೆ. ಅದರ ಮೇಲಿದ್ದ ಹೆಸರು ಅಳಿಸಿಹೋಗಿದೆ, ಯಾವುದು ನಿಮ್ಮದು ಅಂತ ಗೊತ್ತಾಗ್ತಿಲ್ಲ. ಅಳಿಸಿದ್ದು ನಾನೇ. ಶನಿವಾರವೇ ಗೊತ್ತಾಯ್ತು. ಯಾರಿಗೂ ಹೇಳಿಲ್ಲ. ಈ ಡಾಕ್ಟರಿಗೂ ಹೇಳಿಲ್ಲ."

ಮಣಿಕಟ್ಟು ಬಿಟ್ಟಳು. ಒಂದು ಗಳಿಗೆ ಅವಳಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡ, ಹಾಗಾದರೆ ಒಳ್ಳೆಯದೇ ಎಂದೂ ಅಂದುಕೊಂಡ, ನಾಚಿಕೆಗೆಟ್ಟ ಮನಸ್ಸು ನೋಡಿ. ಅಷ್ಟರಲ್ಲಿ ಅವಳು ಸಿಡಿದಳು. "ಹುಚ್ಚಪ್ಯಾಲಿ! ಶನಿವಾರದಿಂದ ಬಾಯಾಗ ಕಡಬ ತುರಕೊಂಡ ಕುಂತಿದ್ದೇನು? ನಿನ್ನ ಕಣ್ಣಾಗಿದ್ರ ಸುಮ್ಮಕಿರತಿದ್ದಿ? ಓದಿಕೊಂಡಾಂವ ಅಂತ, ಅಂಗಿ ನೋಡು, ಇಸ್ತ್ರಿ ನೋಡು! ನನ್ನ ಮೊಮ್ಮಗಳ ಮಾರಿ ನೋಡಾಕ ಇದೊಂದ ಕಣ್ಣು ಐತಿ ನನಗ, ಒಂದ ಐತಿ!" ಬಾಗಿಲಲ್ಲಿ ಟೋಕನ್ ಹಿಡಿದು ನಿಂತಿದ್ದವರು ಒಳಗೆ ಇಣುಕಿದರು. ಡಾಕ್ಟರ್ ಧೋಟೆ ಗಾಬರಿಯಿಂದ ಎದ್ದರು. "ಕ್ಯಾ ಹುವಾ? ಕ್ಯಾ ಬೋಲ್ ರಹೀ ಹೈ?"

ಏನೇನೋ ಹೇಳಬಹುದಿತ್ತು. ನಾಲ್ಕು ತಿಂಗಳು ಅಂದದ್ದಕ್ಕೆ ಸಿಟ್ಟು ಬಂದಿದೆ, ಅಂದಿದ್ದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವನು ಇವನೊಬ್ಬನೇ. ಅವಳ ಮುಖ ನೋಡಿದ. ಆಮೇಲೆ ತಾನು ಅವಳಿಗೆ ಹೇಳಿದ್ದನ್ನು ಮೊದಲು, ಅವಳು ತನಗೆ ಹೇಳಿದ್ದನ್ನು ಆಮೇಲೆ, ಬರೋಬರ್ ಒಂದು ಮಾತೂ ಬಿಡದೆ ಹಿಂದಿಗೆ ತಂದ. ಕಡುಬಿಗೆ ಹಿಂದಿಯಲ್ಲಿ ಏನನ್ನುತ್ತಾರೋ ಹೊಳೆಯಲಿಲ್ಲ, ಮೋದಕ ಅಂದ. ಇಸ್ತ್ರಿಯ ಮಾತನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಂಡ. ಧೋಟೆ ಕುರ್ಚಿಯಲ್ಲಿ ಮೆಲ್ಲನೆ ಕೂತರು. ಅವರ ಮುಖ ಕೆಂಪಗಾಗಿತ್ತು. ಇವನ ಮೇಲಿನ ಸಿಟ್ಟಿಗೋ, ಆ ಕಂಪನಿಯವನಿಗೆ ತಾವು ಅಂದ ಮಾತು ನೆನಪಾಗಿಯೋ.

"ಫೋಟೋಗಳು ಇವೆಯಾ?" ಎಂದು ಕೇಳಿದರು.

"ಇವೆ ಮೇಡಂ. ಒಂದೂ ಹೋಗಿಲ್ಲ. ಯಾರದು ಯಾವುದು ಅನ್ನೋದು..."

"ಶನಿವಾರವೇ ಹೇಳಿದ್ದರೆ ಎರಡು ದಿನ ಕೈಯಲ್ಲಿರುತ್ತಿತ್ತಲ್ಲ! ಹೆಸರಿಲ್ಲದಿದ್ದರೆ ಏನು, ಒಬ್ಬರ ಕಣ್ಣಿನ ರಕ್ತನಾಳದ ಕವಲು ಇನ್ನೊಬ್ಬರ ಹಾಗೆ ಇರೋದಿಲ್ಲ. ಇವತ್ತಿನ ಫೋಟೋ ಮುಂದಿಟ್ಟುಕೊಂಡು ಹುಡುಕಬಹುದು." ಅವರು ಫೋನೆತ್ತಿ ಅಭಿನವ್‌ನನ್ನು ಕರೆದರು. ಆಮೇಲೆ ಇವನ ಕಡೆ ತಿರುಗದೆಯೇ ಅಂದರು, "ಆ ಕಂಪನಿಗೆ ಫೋನು ನೀವೇ ಮಾಡಬೇಕು. ಉಳಿದದ್ದು ನಾಳೆ ಮಾತಾಡೋಣ. ಜಾವ್ ಆತಾ, ಹೋಗಿ ಹುಡುಕಿ."

ಬಸವಣ್ಣೆವ್ವ ಕೆಳಗೆ ಕಾಯಲು ಒಪ್ಪಲಿಲ್ಲ. "ಇಂವನ್ನ ನಂಬೂದಿಲ್ಲ ನಾ. ಕಣ್ಣ ಮುಂದ ಹುಡಕಲಿ," ಎಂದು ಮೇಲಿನ ಕೋಣೆಗೇ ಬಂದು ಸ್ಟೂಲಿನ ಮೇಲೆ ಕೂತಳು, ಎಸಿಯ ಚಳಿಗೆ ಸೆರಗು ಹೊದ್ದು. ಅಭಿನವ್ ಕುತ್ತಿಗೆ ಚಾಚಿ ಪರದೆ ತೋರಿಸಿ ಹೇಳಿಕೊಟ್ಟ: ಬಲಗಣ್ಣುಗಳನ್ನಷ್ಟೇ ನೋಡು, ಮೇಲಿನ ಈ ದಪ್ಪ ನಾಳ ಮೂರಾಗಿ ಒಡೆದು ನಡುವಿನದು ಕೊಕ್ಕೆಯಂತೆ ಬಾಗುತ್ತದೆ, ಅದನ್ನೇ ಹಿಡಿ, ಮಚ್ಚೆ ಬದಲಾಗಿರಬಹುದು, ನಾಳ ಬದಲಾಗದು, ಬೇರೆ ಯಾವುದನ್ನೂ ನೋಡಬೇಡ. "ಯಾರ್, ನನಗಾದರೂ ಹೇಳಬಾರದಿತ್ತಾ," ಎಂದು ಹೆಗಲು ತಟ್ಟಿ ಆಪರೇಷನ್‌ಗೆ ಹೊರಟುಹೋದ. ಶ್ರೀವತ್ಸ ನೋಡತೊಡಗಿದ. ಒಂದಾದ ಮೇಲೊಂದು ಕಣ್ಣು. ಇಷ್ಟು ದಿನ ಇವನಿಗೆ ಇವು ಗಾತ್ರ ಮಾತ್ರ ಆಗಿದ್ದವು, ಇಷ್ಟು ಜಾಗ ತಿನ್ನುತ್ತವೆ, ಇಷ್ಟು ಉಳಿಸಬಹುದು. ಒಂದನ್ನೂ ನಿಂತು ನೋಡಿರಲಿಲ್ಲ. ಎಷ್ಟೊಂದು ಥರ! ಕೆಲವು ತಿಳಿ, ಕೆಲವಕ್ಕೆ ಬಿಳಿಯ ಚುಕ್ಕೆ, ಕೆಲವುಗಳಲ್ಲಿ ರಕ್ತ ಸೋರಿ ಕಲೆಯಾಗಿದೆ. ಇವರೆಲ್ಲ ಯಾರು, ಈಗೆಲ್ಲಿದ್ದಾರೆ, ಇವರಲ್ಲಿ ಎಷ್ಟು ಜನ ನಾಳೆ ಬಂದು ತಮ್ಮ ಕಳೆದ ವರ್ಷವನ್ನು ಕೇಳುತ್ತಾರೆ. ಗ್ರೀಷ್ಮಾಳ ಫೋನು ಬಂತು. ಎತ್ತಿ, "ಒಂದು ದೊಡ್ಡ ತಪ್ಪು ಮಾಡಿದೀನಿ ಕಣೇ, ಮನೆಗೆ ಬಂದು ಹೇಳ್ತೀನಿ," ಅಂದ. "ಅದಕ್ಕಾ ಹಳದಿ ಪರದೆಗೆ ಒಪ್ಪಿದ್ದು?" ಅಂದಳು. ಅವನಿಗೆ ನಗು ಬಂತು, ಎರಡು ದಿನದ ಮೇಲೆ.

ಮಧ್ಯಾಹ್ನ ಬಸವಣ್ಣೆವ್ವ ಚೀಲದಿಂದ ಡಬ್ಬಿ ತೆಗೆದು ಒಬ್ಬಳೇ ತಿನ್ನತೊಡಗಿದಳು, ಇವನ ಕಡೆ ಬೆನ್ನು ಹಾಕಿ. ಅರ್ಧಕ್ಕೆ ನಿಲ್ಲಿಸಿ ಒಂದು ರೊಟ್ಟಿ ಅವನ ಕೀಲಿಮಣೆಯ ಮೇಲೇ ಇಟ್ಟಳು. "ತಿನ್ನು. ಹಸದ್ರ ಕಣ್ಣ ಕತ್ತಲಿಟ್ಟು ನಂದ ದಾಟಿಸಿಗಿಟ್ಟಿ." ಅವನು ತಿಂದ. ಶೇಂಗಾ ಚಟ್ನಿಯ ಖಾರಕ್ಕೆ ಮೂಗು ಸೋರಿತು. "ಅಳಬ್ಯಾಡ, ಹುಡುಕು," ಅಂದಳು. "ಖಾರ ಅಜ್ಜಿ," ಅಂದ. "ಏನರ ಆಗಲಿ, ಹುಡುಕು." ಆಮೇಲೆ ಅವಳೂ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದಳು. ಔಷಧಿ ಬಿಟ್ಟ ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಒಂದೊಂದು ಫೋಟೋ ಬಂದಾಗಲೂ "ಇದಲ್ಲಾ?" ಅನ್ನುತ್ತಿದ್ದಳು, ಇವನು "ಅಲ್ಲ" ಅನ್ನುತ್ತಿದ್ದ. ನಡುನಡುವೆ ಮೊಮ್ಮಗಳ ಸುದ್ದಿ ಹೇಳಿದಳು: ಸಾಲ್ಯಾಗ ಎಲ್ಲಾ ಮರಾಠಿ, ಕನ್ನಡ ಓದಾಕ ಬರೂದಿಲ್ಲ ಹುಡುಗಿಗೆ, ಆದ್ರ ನನ್ನ ಕೂಡ ಜಗಳಾಡೂದೆಲ್ಲ ಕನ್ನಡದಾಗ. ಅವಳ ಸಿಟ್ಟು ಯಾವಾಗ ಇಳಿಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಇದಲ್ಲಾ, ಅಲ್ಲ. ಇದಲ್ಲಾ, ಅಲ್ಲ. ಇವನ ಕಣ್ಣುಗಳು ಉರಿಯುತ್ತಿದ್ದವು, ನಾಳಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತಿದ್ದವು, ಸಿಗುವುದಿಲ್ಲ ಎಂದು ಹೆದರಿಕೆ ಶುರುವಾಗಿತ್ತು. ಆಗ ಬಂತು. ಮೂರು ಕವಲು. ನಡುವಿನದರಲ್ಲಿ ಕೊಕ್ಕೆ. ಇವತ್ತಿನದನ್ನು ನೋಡಿದ, ಅದನ್ನು ನೋಡಿದ, ಮತ್ತೆ ಇವತ್ತಿನದನ್ನು. ಕೆಳಗಿನ ನಾಳವೂ ಅದೇ. ಬದಿಯ ಸಣ್ಣ ಎಳೆಯೂ ಅದೇ.

"ಸಿಕ್ತು!" ಎಂದು ಕೂಗಿದ. ಕುರ್ಚಿ ಹಿಂದಕ್ಕೆ ಬಿತ್ತು. "ಸಿಕ್ತು ಅಜ್ಜಿ! ಸಿಕ್ತು, ಇದೇ ನಿಮ್ಮದು!" ಅವಳು ಎದ್ದು ಅವನ ಎರಡೂ ಕೆನ್ನೆ ಸವರಿ ತನ್ನ ಕಿವಿಯ ಹತ್ತಿರ ನೆಟಿಗೆ ಮುರಿದಳು. "ಭಲೇ ತಮ್ಮಾ! ಬೈದೆ ಅಂತ ಮನಸಿಗೆ ಹಚ್ಚಕೋಬ್ಯಾಡ." ಇಬ್ಬರೂ ನಗುತ್ತಿದ್ದರು. ಸದ್ದಿಗೆ ಓಡಿಬಂದ ನರ್ಸು ಕೂಡ ಯಾಕೆಂದು ಗೊತ್ತಿಲ್ಲದೆ ನಕ್ಕಳು. ಹಿಂದೆಯೇ ಡಾಕ್ಟರ್ ಧೋಟೆ ಬಂದು ಬಗ್ಗಿ, ಎರಡು ಫೋಟೋಗಳನ್ನು ಪಕ್ಕಪಕ್ಕಕ್ಕೆ ತಂದರು. ಮಚ್ಚೆಯ ಅಂಚಿನ ಮೇಲೆ ಗೆರೆಯೆಳೆದು ಅಳೆದರು. ಮತ್ತೊಮ್ಮೆ ಅಳೆದರು. ಶ್ರೀವತ್ಸ ಆಗಷ್ಟೇ ಮಚ್ಚೆಯನ್ನು ನೋಡಿದ. ಅಷ್ಟು ಹೊತ್ತು ಅವನು ನಾಳಗಳನ್ನು ಮಾತ್ರ ನೋಡಿದ್ದ. ಹಳೆಯ ಫೋಟೋದಲ್ಲಿ ಬದಿಯ ಎಳೆ ಮಚ್ಚೆಯಿಂದ ಆಚೆ ಬಿಡಿಯಾಗಿ ಹರಿದಿತ್ತು. ಇವತ್ತಿನದರಲ್ಲಿ ಅದರ ಅರ್ಧ ಮಚ್ಚೆಯ ಮೇಲೆ ಹಾದಿತ್ತು.

ಧೋಟೆ ಅಜ್ಜಿಯ ಕಡೆ ನೋಡದೆ ಇವನಿಗೆ ತಗ್ಗಿದ ದನಿಯಲ್ಲಿ ಹೇಳಿದರು. "ಬೆಳೆದಿದೆ. ಇವತ್ತೇ ಹೈದರಾಬಾದಿಗೆ ಮಾತಾಡ್ತೀನಿ. ಸಮಯಕ್ಕೆ ಸಿಕ್ಕಿತು, ಜೀವಕ್ಕೆ ಏನೂ ಆಗಲಾರದು. ಆದರೆ ಆ ಕಣ್ಣು ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ. ನಿಧಾನಕ್ಕೆ ಹೇಳಿ."

ಬಸವಣ್ಣೆವ್ವ ಇವನನ್ನೇ ನೋಡುತ್ತಿದ್ದಳು. "ಏನಂತಾರ? ಚಲೋ ಸುದ್ದಿನ ಅಲ್ಲ?" ಅಂದಳು.

ಶ್ರೀವತ್ಸ ಬಿದ್ದಿದ್ದ ಕುರ್ಚಿಯನ್ನು ಎತ್ತಲಿಲ್ಲ. ಅವಳ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಈ ಸಲ ತಾನೇ ಅವಳ ಕೈ ಹಿಡಿದುಕೊಂಡ. "ಮಚ್ಚೆ ಬೆಳೆದಿದೆ ಅಜ್ಜಿ," ಅಂದ. ಅವಳ ಮುಖದ ಮೇಲಿನ ನಗು ಹೋಗುವುದಕ್ಕೆ ತುಸು ಹೊತ್ತು ಹಿಡಿಯಿತು.